ಎರೆ ಡಬ್ಬಿಯಲ್ಲಿ ಚಾಕೊಲೇಟ್ ಉಂಡೆ

ಯಾರಿಂಗಾ ಎಂಬ ಪುಟ್ಟ ಊರಿನಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಐಸ್‌ಕ್ರೀಮ್ ಇರುವುದಿಲ್ಲ. ಅದು ಮುಗಿದ ದಿನವೇ ಡಬ್ಬಿಯ ನಿಜವಾದ ಆಯುಷ್ಯ ಶುರು. ಒಂದರಲ್ಲಿ ಮೊನ್ನೆಯ ಕುಂಬಳಕಾಯಿ ಸೂಪು, ಇನ್ನೊಂದರಲ್ಲಿ ನಾಯಿಗೆಂದು ಎತ್ತಿಟ್ಟ ಕುರಿಮೂಳೆ, ಮತ್ತೊಂದರಲ್ಲಿ ಮೊಳೆ, ಗುಂಡಿ, ತುಕ್ಕು ಹಿಡಿದ ಬೀಗದಕೈ. ಯಾರದೋ ಮನೆಯಲ್ಲಿ, ಸಂಜೆ ತಂಪಾದ ಮೇಲೆ ಹೂಳೋಣವೆಂದು ತೆಗೆದಿಟ್ಟ ಮಕ್ಕಳ ಗಿಣಿಯೂ ಒಂದು ಮಧ್ಯಾಹ್ನ ಆ ಡಬ್ಬಿಯಲ್ಲಿ ಮಲಗಿತ್ತು. ಇಷ್ಟನ್ನು ನಂಬುವವರು ಮುಂದಿನದನ್ನೂ ನಂಬಬಹುದು. ಕಥೆ ನಿಜವಾದದ್ದೇ, ಬಾಯಿಂದ ಬಾಯಿಗೆ ಉರುಳುವಾಗ ಉಂಡೆಗಳು ಸ್ವಲ್ಪ ದಪ್ಪಗಾಗಿದ್ದರೆ ಅದಕ್ಕೆ ಹೇಳುವವರು ಹೊಣೆಯಲ್ಲ.

ನರೆಲ್ ಟ್ರೆವಿನ್ ಸಿಡ್ನಿಯಲ್ಲಿ ಹುಟ್ಟಿದವಳು. ಕುರಿಗಳ ಉಣ್ಣೆ ಕತ್ತರಿಸುವ ಡಾರ್ಸಿಯನ್ನು ಮದುವೆಯಾಗಿ ಯಾರಿಂಗಾಕ್ಕೆ ಬಂದಳು, ಶಾಲೆಯ ಬಸ್ಸು ಓಡಿಸಿದಳು, ಬಿಡುವಿನ ವೇಳೆಯಲ್ಲಿ ಊರಿನವರ ಧ್ವನಿಗಳನ್ನು ಕದ್ದಳು. ಗ್ಯಾರೇಜಿನವನ "ನಾಳೆ ಆಗತ್ತೆ ಬಿಡಿ", ಪಾದ್ರಿಗಳು ಆಶೀರ್ವಾದಕ್ಕೆ ಮೊದಲು ಕೆಮ್ಮುವ ಕೆಮ್ಮು, ಎಲ್ಲವೂ ಅವಳ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು. ಆದರೆ ಅವಳ ಭಂಡಾರದ ಮುಕುಟಮಣಿಯೆಂದರೆ ಈನಿಡ್ ಕ್ರಾಫ್ಟ್.

ಈನಿಡ್ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಎಷ್ಟು ಕಾಲದಿಂದ ಎಂದರೆ, ಅವಳನ್ನು ಮೊದಲು ನಿಲ್ಲಿಸಿ, ಅವಳಿಗೆ ಆನಿಸಿಯೇ ಸಂಘದ ಗೋಡೆ ಕಟ್ಟಿದರೇನೋ ಎನ್ನುವಷ್ಟು. ಯಾರಾದರೂ ಹೊಸ ತಿಂಡಿ ತಂದರೆ ಈನಿಡ್ ಒಂದು ತುಂಡು ಬಾಯಿಗಿಟ್ಟು, ಸಾವಕಾಶವಾಗಿ ಅಗಿದು, ಮಾಡಿನ ತಗಡನ್ನು ನೋಡಿ, ಮುಳ್ಳುಚಮಚ ಕೆಳಗಿಟ್ಟು ತೀರ್ಪು ಕೊಡುತ್ತಿದ್ದಳು. ಚೆನ್ನಾಗಿದ್ದರೆ ಮಾತಿಲ್ಲ, ಇನ್ನೊಂದು ತುಂಡು ತೆಗೆದುಕೊಳ್ಳುತ್ತಿದ್ದಳು. ಚೆನ್ನಾಗಿಲ್ಲದಿದ್ದರೆ ಎರಡೇ ಉಸಿರಿನ ಮಾತು: "ಸ್ವಲ್ಪ... ಬೇರೆ ಥರ."

ಯಾರಿಂಗಾದಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಅನಾನಸು ಹಾಕಿದ ಅಲುಗಾಡುವ ಸಿಹಿಯೊಂದನ್ನು ತಂದ ಗ್ಲೆನಿಸ್‌ಗೆ ಈ ಮಾತು ಬಿದ್ದದ್ದೇ ಬಿದ್ದದ್ದು, ಅಂದಿನಿಂದ ಇಂದಿನವರೆಗೂ ಅವಳು ಸಂಘದ ಚಹಾಕೂಟಗಳಿಗೆ ಕೈ ಒರೆಸುವ ಕಾಗದ ಮಾತ್ರ ತರುತ್ತಾಳೆ.

ಹೊರಗಿನಿಂದ ಬಂದವಳು ಯಾವಾಗ ಊರಿನವಳಾದಳೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಹಾಕೂಟಕ್ಕೆ ಏನು ತರಬೇಕೆಂದು ಹೇಳುತ್ತಾರೆ, ಅದರಲ್ಲೇ ತಿಳಿದುಕೊಳ್ಳಬೇಕು. ನರೆಲ್ ಕಾಗದದಿಂದ ಶುರುಮಾಡಿ, ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸುವ ಕೆಲಸಕ್ಕೆ ಏರಿ, ಅಲ್ಲಿಂದ ಮೊಟ್ಟೆಯ ಸ್ಯಾಂಡ್‌ವಿಚ್ಚಿಗೆ ಬಡ್ತಿ ಪಡೆದು, ಅಲ್ಲೇ ನಿಂತುಬಿಟ್ಟಿದ್ದಳು. ಅದರ ಮೇಲೆ ಇದ್ದದ್ದು ಒಂದೇ ಮೆಟ್ಟಿಲು: ಕ್ರಿಸ್‌ಮಸ್ ಕೂಟದ ಸಿಹಿ ತಟ್ಟೆ. ಅದು ಈನಿಡ್‌ಳ ಸ್ವಂತ ಗಾಜಿನ ತಟ್ಟೆ, ಮೇಲೆ ಈನಿಡ್‌ಳ ಸ್ವಂತ ಚಾಕೊಲೇಟ್ ಉಂಡೆಗಳ ಗೋಪುರ. ಒಲೆ ಹಚ್ಚದೆ ಮಾಡುವ ಉಂಡೆಗಳು, ಆದರೆ ಕಚ್ಚಿದರೆ ಮೇಲಿನ ಚಾಕೊಲೇಟು "ಟಕ್" ಎನ್ನಬೇಕು. ಡಿಸೆಂಬರಿನ ಆ ಬಿಸಿಲಿನಲ್ಲಿ, ಡಾಂಬರೇ ಚಪ್ಪಲಿಗೆ ಅಂಟುವ ಊರಿನಲ್ಲಿ, ಟಕ್ ಎನ್ನಿಸುವುದು ಈನಿಡ್‌ಳ ಕೈಗೆ ಮಾತ್ರ ಗೊತ್ತಿತ್ತು.

ಆ ಕೈಯೇ ಈ ಸಲ ಮುರಿಯಿತು. ಸಭಾಂಗಣಕ್ಕೆ ಬಣ್ಣದ ಕಾಗದ ಕಟ್ಟಲು ಏಣಿ ಹತ್ತಿದವಳು ಜಾರಿ, ಮಣಿಕಟ್ಟಿಗೆ ಬಿಳಿ ಕಟ್ಟು ಹಾಕಿಸಿಕೊಂಡು ಬಂದಳು. ಅಂಗಡಿಯ ಮುಂದೆ ನರೆಲ್‌ಳನ್ನು ನಿಲ್ಲಿಸಿ ಹೇಳಿದಳು:

"ನರೆಲ್, ಈ ಸಲ ಉಂಡೆ ನಿನ್ನದು."

"ನನ್ನದಾ? ಅಂದ್ರೆ, ಸರಿ. ಖಂಡಿತ. ರಮ್ ಹಾಕ್ಲಾ?"

"ಪಾದ್ರಿಗಳು ಬರ್ತಾರೆ."

ಅಂದರೆ ಬೇಡ ಎಂದರ್ಥ. ಪಾದ್ರಿಗಳು ಈ ಒಂದು ವಿಷಯದಲ್ಲಿ ಈನಿಡ್‌ಳನ್ನು ಇನ್ನೂ ಕ್ಷಮಿಸಿಲ್ಲವೆಂದು ಊರಿನಲ್ಲಿ ಮಾತಿದೆ.

ಕೂಟದ ದಿನ ಬೆಳಗಿನ ತಂಪಿನಲ್ಲೇ ನರೆಲ್ ಅಡಿಗೆಮನೆಯ ಕಿಟಕಿ ಮುಚ್ಚಿ, ಪರದೆ ಎಳೆದು, ಕೆಲಸಕ್ಕೆ ನಿಂತಳು. ಹಳೆಯ ದಿಂಬಿನ ಚೀಲಕ್ಕೆ ಬಿಸ್ಕತ್ತು ಸುರಿದು, ಬಾಯಿ ಕಟ್ಟಿ, ಲಟ್ಟಣಿಗೆಯಿಂದ ಬಡಿದಳು. ಆ ಪುಡಿಗೆ ಕೋಕೋ, ಒಣ ಕೊಬ್ಬರಿ ತುರಿ, ಕರಗಿಸಿದ ಬೆಣ್ಣೆ, ಕೊನೆಗೆ ಗಟ್ಟಿ ಹಾಲಿನ ಡಬ್ಬಿಯನ್ನು ಬೋರಲು ಹಾಕಿ, ಚಮಚ ಬಾಗುವವರೆಗೆ ಕಲಸಿದಳು. ಒದ್ದೆ ಅಂಗೈಯಲ್ಲಿ ಒಂದೊಂದಾಗಿ ಉಂಡೆ ಕಟ್ಟಿ ಫ್ರಿಜ್ಜಿಗೆ ತಳ್ಳಿದಳು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟು ಕರಗಿಸಿ, ಅದಕ್ಕೆ ಬೆಳ್ಳಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಒಂದು ತುಂಡು ಸೇರಿಸಿದಳು. ಅದಿಲ್ಲದಿದ್ದರೆ ಆ ಸೆಕೆಯಲ್ಲಿ ಚಾಕೊಲೇಟು ಗಟ್ಟಿಯಾಗುವುದು ಲೇಟು, ಲೇಟಾದರೆ ಅದು ಉಂಡೆಯ ಮೇಲೆ ನಿಲ್ಲದೆ ಕೆಳಗಿಳಿದು ಪಾದ ಬೆಳೆಸಿಕೊಳ್ಳುತ್ತದೆ. ಪಾದವಿರುವ ಉಂಡೆಯನ್ನು ಈನಿಡ್ ತಟ್ಟೆಗೆ ಹತ್ತಿಸುವುದಿಲ್ಲ.

ಎರಡು ಮುಳ್ಳುಚಮಚಗಳ ನಡುವೆ ಒಂದೊಂದು ಉಂಡೆಯನ್ನು ಮುಳುಗಿಸಿ, ಎತ್ತಿ, ಬಟ್ಟಲಿನ ಅಂಚಿಗೆ ತಟ್ಟಿ, ಕಾಗದದ ಮೇಲೆ ಕೂರಿಸುತ್ತಿದ್ದಳು. ಆಗ ಹಿಂದಿನ ಬಾಗಿಲಿನ ಜಾಲರಿಗೆ ಒಂದು ಮೂಗು ಅಂಟಿಕೊಂಡಿತು. ಮೂಗಿನ ಹಿಂದೆ ಮಾವ ಮರ್ವ್.

ಮರ್ವ್ ಅದೇ ಅಂಗಳದ ಪುಟ್ಟ ಮನೆಯಲ್ಲಿದ್ದ ಮುದುಕ. ಎರಡೇ ಹವ್ಯಾಸ: ನದಿಯಲ್ಲಿ ಮೀನು ಹಿಡಿಯುವುದು, ಶೆಡ್ಡಿನ ಫ್ರಿಜ್ಜಿನಿಂದ ಸಿಹಿ ಕದಿಯುವುದು. ಮೊದಲನೆಯದರಲ್ಲಿ ಏನೂ ಸಿಗುತ್ತಿರಲಿಲ್ಲ. ಎರಡನೆಯದರಲ್ಲಿ ಎಂದೂ ಬರಿಗೈಯಲ್ಲಿ ಮರಳಿದ್ದಿಲ್ಲ.

"ಏನಮ್ಮಾ ಅದು, ಘಮಘಮ?"

"ಚಪ್ಪಲಿ ಪಾಲಿಶು, ಮರ್ವ್."

"ಒಂದು ರುಚಿ ನೋಡ್ತೀನಿ ಕೊಡು. ಪಾಲಿಶು ತಿಂದು ಸತ್ತವರಿಲ್ಲ."

"ಇದು ಈನಿಡ್ ತಟ್ಟೆಗೆ. ಒಂದು ಕಮ್ಮಿ ಆದ್ರೂ ನಾನು ಮತ್ತೆ ಕಾಗದ ಹೊತ್ಕೊಂಡು ಹೋಗ್ಬೇಕು, ಗ್ಲೆನಿಸ್ ಪಕ್ಕ ಕೂತ್ಕೋಬೇಕು. ನಿಮಗೆ ಗೊತ್ತಲ್ಲ."

"ಶೆಡ್ ಫ್ರಿಜ್ಜಲ್ಲಿ ಇಡ್ತೀಯೇನು?"

"ಯಾಕೆ ಕೇಳ್ತೀರಿ?"

"ಸುಮ್ನೆ. ಫ್ರಿಜ್ ನಂದಲ್ವಾ, ಅತಿಥಿಗಳು ಯಾರ್ಯಾರು ಬರ್ತಾರೆ ಅಂತ ತಿಳ್ಕೊಂಡಿರಬೇಕು." ಮೂಗು ಜಾಲರಿಯಿಂದ ಬಿಡಿಸಿಕೊಂಡು ಹೋಯಿತು, ಅದರ ಗುರುತು ಮಾತ್ರ ಉಳಿಯಿತು.

ನರೆಲ್ ಚಮಚ ಹಿಡಿದು ಯೋಚಿಸಿದಳು. ಬಟ್ಟಲಿನಲ್ಲಿ ಚಾಕೊಲೇಟು ಮಿಕ್ಕಿತ್ತು. ಪಾತ್ರೆಯಲ್ಲಿ ಬಿಸ್ಕತ್ತಿನ ಹಿಟ್ಟೂ ಮಿಕ್ಕಿತ್ತು. ಕಪಾಟಿನಲ್ಲಿ, ಹಬ್ಬದ ಹ್ಯಾಮ್ ಜೊತೆಗೆಂದು ತಂದಿದ್ದ, ವಿನೆಗರಿನಲ್ಲಿ ನೆನೆದ ಪುಟ್ಟ ಈರುಳ್ಳಿಗಳ ಜಾಡಿ ಅವಳನ್ನೇ ನೋಡುತ್ತಿತ್ತು.

ಈರುಳ್ಳಿಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದೊಂದಕ್ಕೂ ಹಿಟ್ಟಿನ ತೆಳುವಾದ ಅಂಗಿ ತೊಡಿಸಿ, ಚಾಕೊಲೇಟಿನಲ್ಲಿ ಸ್ನಾನ ಮಾಡಿಸಿದಳು. ಹೆತ್ತ ತಾಯಿಯೂ ಗುರುತು ಹಿಡಿಯಲಾರದ ಅವಳಿಗಳು. ಈರುಳ್ಳಿ ಉಂಡೆಗಳನ್ನು ಒಂದು ಐಸ್‌ಕ್ರೀಮ್ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ಕ್ರಿಸ್‌ಮಸ್ ಉಂಡೆ, ಮುಟ್ಟಬೇಡಿ" ಎಂದು ಬರೆದಳು. ನಿಜವಾದ ಉಂಡೆಗಳನ್ನು ಇನ್ನೊಂದಕ್ಕೆ ತುಂಬಿ "ಎರೆ" ಎಂದು ಬರೆದಳು. ಗಾಳಕ್ಕೆ ಸಿಕ್ಕಿಸುವ ಸತ್ತ ಸೀಗಡಿ ತುಂಬಿದ ಡಬ್ಬಿಯನ್ನು ಯಾವ ಕಳ್ಳ ತೆರೆದಾನು? ಎರಡನ್ನೂ ಶೆಡ್ಡಿನ ಫ್ರಿಜ್ಜಿನಲ್ಲಿ ಬಿಯರ್ ಬಾಟಲಿಗಳ ಪಕ್ಕ ಇಟ್ಟು, ತನ್ನ ಬುದ್ಧಿಗೆ ತಾನೇ ತಲೆದೂಗಿದಳು. ಈ ಕಳ್ಳನೇ ಮೀನು ಹಿಡಿಯುವವನೂ ಹೌದು, ಅವನು ದಿನಾ ತೆರೆಯುವ ಡಬ್ಬಿ ಎರೆಯದೇ ಎಂಬುದು ಸಿಡ್ನಿಯ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಅವಳು ಕೂಟಕ್ಕೆ ಮಂಜುಗಡ್ಡೆ ತರಲು ಪೆಟ್ರೋಲ್ ಬಂಕಿಗೆ ಹೋದಳು. ಮರಳಿ ಬಂದಾಗ ಶೆಡ್ಡಿನ ನೆರಳಿನಲ್ಲಿ ಮರ್ವ್ ಗಾಳದ ದಾರ ಸುತ್ತುತ್ತ ಕುಳಿತಿದ್ದ. ಅಷ್ಟು ಸಭ್ಯವಾದ ಮುಖವನ್ನು ನರೆಲ್ ಅವನ ಮೇಲೆ ಎಂದೂ ಕಂಡಿರಲಿಲ್ಲ. ಹತ್ತಿರ ಹೋದರೆ ಉಸಿರಿನಲ್ಲಿ ವಿನೆಗರಿನ ವಾಸನೆ.

ಬಿತ್ತು ಬಲೆಗೆ. ನರೆಲ್ ಕೆನ್ನೆ ಒಳಗಿನಿಂದ ಕಚ್ಚಿಕೊಂಡಳು.

"ಏನ್ ಮರ್ವ್, ಊಟ ಆಯ್ತಾ?"

"ಆಯ್ತಮ್ಮ. ತುಂಬಾ ಚೆನ್ನಾಗಿ ಆಯ್ತು."

ಅವಳು ಫ್ರಿಜ್ಜು ತೆರೆದಳು. ಎರೆ ಡಬ್ಬಿ ಇತ್ತು. ಉಂಡೆ ಡಬ್ಬಿ ಇರಲಿಲ್ಲ.

"ಇನ್ನೊಂದು ಡಬ್ಬಿ ಎಲ್ಲಿ?"

"ಡಾರ್ಸಿ ತಗೊಂಡು ಹೋದ."

"ಎಲ್ಲಿಗೆ?"

"ಹಾಲ್‌ಗೆ. ಸಂಘದ ವಿಲ್ಮಾ ಫೋನ್ ಮಾಡಿದ್ಲು, ತಟ್ಟೆ ಕಾಯ್ತಾ ಇದೆ, ಉಂಡೆ ಕಳಿಸಿ ಅಂತ. ನಿನ್ನ ಗಂಡ ಮದುವೆ ಆದಾಗಿನಿಂದ ಮೊದಲನೇ ಸಲ ಹೇಳದೇ ಇರೋ ಕೆಲಸ ಮಾಡಿದಾನೆ, ಬೈಬೇಡ."

ನರೆಲ್‌ಳ ಕೈಯಲ್ಲಿದ್ದ ಮಂಜುಗಡ್ಡೆಯ ಚೀಲ ನೆಲಕ್ಕೆ ಬಿತ್ತು.

"ತಡೀಬಾರದಾಗಿತ್ತಾ?"

"ನಾನ್ಯಾಕೆ ತಡೀಲಿ? ಮುಟ್ಟಬೇಡಿ ಅಂತ ಬರೆದಿತ್ತು," ಎಂದ ಮರ್ವ್, ದಾರ ಸುತ್ತುತ್ತ. "ನಾನು ಬರೆದದ್ದನ್ನ ಪಾಲಿಸೋ ಮನುಷ್ಯ."

ಅವಳು ಎರೆ ಡಬ್ಬಿಯನ್ನು ಬಗಲಿಗೇರಿಸಿ ಬಸ್ಸಿಗೆ ಓಡಿದಳು. ಮನೆಯ ಕಾರು ಡಾರ್ಸಿಯ ಜೊತೆ ಹೋಗಿತ್ತು. ಉಳಿದದ್ದು ಶಾಲೆಯ ಬಸ್ಸೊಂದೇ. ಖಾಲಿ ಸೀಟುಗಳು ಗಡಗಡ ಎನ್ನುತ್ತ, ನಡುವೆ ಒಬ್ಬಳೇ ಒಬ್ಬಳು ಚಾಲಕಿ, ಪಕ್ಕದ ಸೀಟಿನಲ್ಲಿ ಸೀಟ್‌ಬೆಲ್ಟ್ ಕಟ್ಟಿಕೊಂಡು ಕುಳಿತ ಡಬ್ಬಿ. ದಾರಿಯುದ್ದಕ್ಕೂ ಅವಳು ಈನಿಡ್‌ಳ ಧ್ವನಿಯಲ್ಲಿ ತನಗೆ ತಾನೇ ಬೈದುಕೊಂಡಳು. ಇನ್ನೂ ತಟ್ಟೆಗೆ ಜೋಡಿಸಿರಲಾರರು. ಜೋಡಿಸಿದ್ದರೂ ತಿಂದಿರಲಾರರು. ಒಬ್ಬರು ತಿಂದಿದ್ದರೂ ಮಿಕ್ಕವರಿಗೆ ಹೇಳಿ ನಿಲ್ಲಿಸಿರುತ್ತಾರೆ.

ಇಲ್ಲೇ ಅವಳು ಎಡವಿದ್ದು. ಅಷ್ಟು ಕಾಲ ಆ ಊರಿನಲ್ಲಿ ಬಾಳಿದವಳು, ಮರೆಯಬಾರದ್ದನ್ನು ಮರೆತಿದ್ದಳು. ಯಾರಿಂಗಾದಲ್ಲಿ ಒಬ್ಬ ಹೆಂಗಸು ತಂದ ತಟ್ಟೆಯ ಬಗ್ಗೆ ಮಿಕ್ಕವರು ಕೆಟ್ಟ ಮಾತಾಡುವುದಿಲ್ಲ. ಉಂಡೆ ಹೇಗೇ ಇರಲಿ, ಉಂಡವರು ಹೊಗಳಬೇಕು. ಆ ಊರಿನ ನಿಯಮ ಅದು, ಈನಿಡ್ ಒಬ್ಬಳನ್ನು ಬಿಟ್ಟು.

ಸಭಾಂಗಣದ ಬಾಗಿಲು ತಳ್ಳಿದಾಗ ಫ್ಯಾನುಗಳು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುತ್ತಿದ್ದವು. ಉದ್ದ ಮೇಜಿನ ನಡುವೆ ಗಾಜಿನ ತಟ್ಟೆ. ತಟ್ಟೆಯಲ್ಲಿ ಗೋಪುರದ ಬುಡ ಮಾತ್ರ ಉಳಿದಿತ್ತು.

"ಬಂದ್ಯಾ ನರೆಲ್," ವಿಲ್ಮಾ ಪ್ಯಾಸ್ಕೊ ಓಡಿ ಬಂದಳು. ಕಣ್ಣಂಚಿನಲ್ಲಿ ನೀರು. "ಎಷ್ಟು ಚೆನ್ನಾಗಿವೆ ಕಣೆ ಉಂಡೆ. ಒಳಗೆ ಏನೋ ಗರಿಗರಿ ಇದೆಯಲ್ಲ, ಬಾದಾಮಿನಾ?"

"ಅದು... ಹಾಗೇ ಏನೋ."

"ಮುಚ್ಚಿಡ್ಬೇಡ, ಹೇಗೆ ಮಾಡೋದು ನನಗೂ ಹೇಳಿಕೊಡು," ಎಂದಳು ವಿಲ್ಮಾ, ಇಂಥದ್ದನ್ನು ಜೀವಮಾನದಲ್ಲಿ ಮಾಡಲಾರೆನೆಂಬ ದೃಢ ನಿರ್ಧಾರವನ್ನು ಮುಖದಲ್ಲಿ ಇಟ್ಟುಕೊಂಡು.

ಪಾದ್ರಿಗಳು ಕಪ್ಪು ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಕೆಮ್ಮಿದರು. "ನಮ್ಮ ಅಜ್ಜಿಯ ಕೈರುಚಿ ನೆನಪಾಯ್ತು ನೋಡಮ್ಮ. ಪಾಪ, ಅವರಿಗೆ ಕಣ್ಣು ಕಾಣ್ತಿರಲಿಲ್ಲ." ಮೂಲೆಯಲ್ಲಿ ಗ್ಲೆನಿಸ್, ತಾನೇ ತಂದ ಕಾಗದದಲ್ಲಿ ತನ್ನ ಅರ್ಧ ಉಂಡೆಗೆ ಸದ್ದಿಲ್ಲದೆ ಅಂತ್ಯಸಂಸ್ಕಾರ ನಡೆಸುತ್ತಿದ್ದಳು. ಅವಳ ಮುಖದಲ್ಲಿ ಮಾತ್ರ ಬಹುಕಾಲದ ಮೇಲೆ ಸಂಗಾತಿ ಸಿಕ್ಕ ಸಂತೋಷ.

ಮೇಜಿನ ತುದಿಯಲ್ಲಿ ಈನಿಡ್. ಬಿಳಿ ಕಟ್ಟಿನ ಕೈ ಎದೆಯ ಮೇಲೆ, ಮುಖದಲ್ಲಿ ಏನೂ ಇಲ್ಲ.

ನರೆಲ್ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ಹೋಗಿ ನಿಂತಳು. "ಈನಿಡ್, ನೀವು ತಿಂದ್ರಾ?"

"ಮೊದಲು ತಿಂದವಳೇ ನಾನು."

"ಮತ್ತೆ ಇವರೆಲ್ಲ..."

"ನಾನೇ ಹಂಚಿದೆ. ಒಂದು ಕೈಯಲ್ಲೇ. ಒಬ್ಬರನ್ನೂ ಬಿಡಲಿಲ್ಲ." ಈನಿಡ್ ಗಾಜಿನ ತಟ್ಟೆಯನ್ನು ಒಳ್ಳೆಯ ಕೈಯಿಂದ ಮುಂದೆ ತಳ್ಳಿದಳು. "ಮಾಡಿದವಳು ಒಂದು ತಿನ್ನಬೇಕು. ಪದ್ಧತಿ."

ಅಂಥ ಪದ್ಧತಿ ಅಲ್ಲಿಯವರೆಗೆ ಇರಲಿಲ್ಲ. ಆದರೆ ಈನಿಡ್ ಹೇಳಿದ ಮೇಲೆ ಅದು ಇತ್ತು. ವಿಲ್ಮಾಳ ಚಹಾದ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಪಾದ್ರಿಗಳು ಕೆಮ್ಮು ನುಂಗಿಕೊಂಡರು. ಒಬ್ಬೊಬ್ಬರೂ ತಮ್ಮೊಬ್ಬರಿಗೇ ಕೆಟ್ಟ ಉಂಡೆ ಸಿಕ್ಕಿತೆಂದುಕೊಂಡಿದ್ದವರು, ಈಗ ಒಬ್ಬರ ಮುಖ ಇನ್ನೊಬ್ಬರು ನೋಡಲಾರಂಭಿಸಿದರು.

ನರೆಲ್ ಒಂದನ್ನು ಎತ್ತಿ ಬಾಯಿಗಿಟ್ಟಳು. ಮೊದಲು ಟಕ್. ಆಮೇಲೆ ಸಿಹಿ. ಆಮೇಲೆ ಕರುಂ. ವಿನೆಗರು ಮೂಗಿಗೆ ಹತ್ತಿ, ಕಿವಿಗೆ ಸುತ್ತಿ, ಕಣ್ಣಲ್ಲಿ ಇಳಿಯಿತು. ಅವಳು ನುಂಗಿದಳು.

"ಹೇಗಿದೆ?" ಎಂದಳು ಈನಿಡ್.

ಹೇಳಬಹುದಾಗಿದ್ದ ಮಾತುಗಳು ಬೇಕಾದಷ್ಟಿದ್ದವು. ಕ್ಷಮೆ ಕೇಳಬಹುದಿತ್ತು, ಮರ್ವ್‌ನ ಹೆಸರು ಹೇಳಬಹುದಿತ್ತು. ಆದರೆ ಹೆದರಿದಾಗ ನರೆಲ್‌ಳ ಗಂಟಲು ಅವಳ ಮಾತು ಕೇಳುವುದಿಲ್ಲ. ಅವಳ ಕಣ್ಣು ತಾನಾಗಿಯೇ ಮಾಡಿನ ತಗಡಿಗೆ ಹೋಯಿತು, ಕೈ ತಾನು ಹಿಡಿದೇ ಇರದ ಮುಳ್ಳುಚಮಚವನ್ನು ಕೆಳಗಿಟ್ಟಿತು, ಬಾಯಿಂದ ಈನಿಡ್ ಕ್ರಾಫ್ಟ್ ಹೊರಬಂದಳು:

"ಸ್ವಲ್ಪ... ಬೇರೆ ಥರ."

ಗ್ಲೆನಿಸ್ ಬಾಯಿಗೆ ಕಾಗದ ಒತ್ತಿ ಹಿಡಿದಳು. ನರೆಲ್‌ಗೆ ತನ್ನ ಮುಂದಿನ ವರ್ಷಗಳೆಲ್ಲ ಕಣ್ಣಮುಂದೆ ಬಂದವು, ಎಲ್ಲವೂ ತೆಳ್ಳಗೆ, ಬೆಳ್ಳಗೆ, ನಾಲ್ಕಾಗಿ ಮಡಚಿಕೊಂಡು.

"ನಾನು ಹೀಗಾ ಹೇಳೋದು?" ಈನಿಡ್ ಸಭೆಯನ್ನು ಕೇಳಿದಳು.

ಪಾದ್ರಿಗಳು, ಸುಳ್ಳು ಹೇಳಬಾರದ ವೃತ್ತಿಯವರು, ನೆಲ ನೋಡುತ್ತ, "ಹೀಗೇ, ಈನಿಡ್," ಎಂದರು.

"ಹೂಂ." ಅವಳ ತುಟಿಯ ಒಂದು ಮೂಲೆ ಅಲುಗಿದ್ದು ಹತ್ತಿರವಿದ್ದ ನರೆಲ್‌ಗೆ ಮಾತ್ರ ಕಂಡಿತು. "ಬೆನ್ನ ಹಿಂದೆ ಏನದು?"

"ಎರೆ."

"ಮೀನು ಹಿಡಿಯೋಕೆ ಬಂದ್ಯೇನು ಇಲ್ಲಿಗೆ?"

ಆಗ ನರೆಲ್ ಎಲ್ಲವನ್ನೂ ಹೇಳಿದಳು: ಜಾಲರಿಯ ಮೂಗು, ಈರುಳ್ಳಿಯ ಅಂಗಿ, ಎರಡು ಡಬ್ಬಿ, ಡಾರ್ಸಿಯ ಜೀವಮಾನದ ಮೊದಲ ಉಪಕಾರ. ವಿಲ್ಮಾ "ಈರುಳ್ಳಿನಾ! ನಾನು ಎರಡು ತಿಂದೆನಲ್ಲೇ, ನಿನಗೆ ಬೇಜಾರಾಗಬಾರದು ಅಂತ," ಎಂದು ಕುರ್ಚಿಗೆ ಕುಸಿದಳು. ನಗು ಹಿಂದಿನ ಸಾಲಿನಿಂದ ಒಂದೊಂದಾಗಿ ಎದ್ದಿತು, ಆದರೆ ಈನಿಡ್‌ಳ ಮುಖ ನೋಡಿ ಅರ್ಧಕ್ಕೇ ಕುಳಿತಿತು.

"ಮುಚ್ಚಳ ತೆಗಿ," ಎಂದಳು ಈನಿಡ್.

ನರೆಲ್ ತೆಗೆದಳು. ಉಂಡೆಗಳು ಸಾಲಾಗಿ ಕುಳಿತಿದ್ದವು, ಒಂದಕ್ಕೂ ಪಾದವಿಲ್ಲ. ಈನಿಡ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಕಚ್ಚಿದಳು.

ಟಕ್.

ಇಡೀ ಸಭಾಂಗಣಕ್ಕೆ ಕೇಳಿಸಿತು. ಈನಿಡ್ ಅಗಿದಳು. ಮಾಡಿನ ತಗಡು ನೋಡಿದಳು. ನರೆಲ್ ಉಸಿರು ಹಿಡಿದಳು. ಗ್ಲೆನಿಸ್ ಕೂಡ ಹಿಡಿದಳು, ಬೇರೆ ಕಾರಣಕ್ಕೆ.

"ಮುಂದಿನ ಕ್ರಿಸ್‌ಮಸ್ ಹೊತ್ತಿಗೆ ಈ ಕೈ ನೆಟ್ಟಗಾಗಿರತ್ತೆ," ಎಂದಳು ಈನಿಡ್, ಗಾಜಿನ ತಟ್ಟೆಯನ್ನು ನೋಡುತ್ತ. "ಆದ್ರೂ ತಟ್ಟೆ ನಿಮ್ಮನೇಲೇ ಇರ್ಲಿ. ಬಿಸಿನೀರಲ್ಲಿ ತೊಳೀಬೇಡ. ನಮ್ಮಜ್ಜಿದು."

ನರೆಲ್‌ಳ ಗಂಟಲಿನಲ್ಲಿ ವಾಸವಾಗಿದ್ದ ಅಷ್ಟು ಜನರಲ್ಲಿ ಒಬ್ಬರೂ ಸಹಾಯಕ್ಕೆ ಬರಲಿಲ್ಲ. ಬರಿದೇ ತಲೆಯಾಡಿಸಿದಳು.

ತೀರ್ಪಿಗೆ ಮೊಹರು ಒತ್ತುವವಳಂತೆ ಈನಿಡ್ ಡಬ್ಬಿಯಿಂದ ಇನ್ನೊಂದು ಉಂಡೆ ಎತ್ತಿಕೊಂಡಳು. ಊರಿನಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತು. ಅವಳು ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಟಕ್.

ಕರುಂ.

ಈನಿಡ್‌ಳ ಹುಬ್ಬು ಕೂದಲಿನವರೆಗೆ ಏರಿ ಅಲ್ಲೇ ನಿಂತಿತು. ನರೆಲ್‌ಗೆ ಶೆಡ್ಡಿನ ನೆರಳು, ಆ ಸಭ್ಯವಾದ ಮುಖ, ಆ ವಿನೆಗರಿನ ಉಸಿರು ಒಟ್ಟಿಗೆ ನೆನಪಾದವು. ಮುದುಕ ಮೊದಲು ಈರುಳ್ಳಿ ಕಚ್ಚಿದ್ದಾನೆ, ಎರೆ ಡಬ್ಬಿ ತೆರೆದು ನಿಜ ತಿಳಿದಿದ್ದಾನೆ, ಹೊಟ್ಟೆ ತುಂಬ ಒಳ್ಳೆಯದನ್ನು ತಿಂದಿದ್ದಾನೆ, ಖಾಲಿಯಾದ ಜಾಗವನ್ನು ಈರುಳ್ಳಿ ಉಂಡೆಗಳಿಂದ ತುಂಬಿ ಮುಚ್ಚಳ ಹಾಕಿದ್ದಾನೆ. ಆಮೇಲೆ ಕುಳಿತು ದಾರ ಸುತ್ತಿದ್ದಾನೆ.

"ನಾನಲ್ಲ," ಎಂದಳು ನರೆಲ್, ಈ ಸಲ ತನ್ನದೇ ಧ್ವನಿಯಲ್ಲಿ. "ದೇವರಾಣೆ ನಾನಲ್ಲ, ಈನಿಡ್. ಇದು ಮರ್ವ್."

"ಮರ್ವ್," ಎಂದಳು ಈನಿಡ್ ಬಾಯಿ ತುಂಬ ಈರುಳ್ಳಿ ಇಟ್ಟುಕೊಂಡು. "ಶಾಲೇಲಿ ನನ್ನ ಹಿಂದಿನ ಬೆಂಚಲ್ಲಿ ಕೂರ್ತಿದ್ದ. ನನ್ನ ಜಡೇನ ಮಸಿಲಿ ಅದ್ದಿದ್ದ. ನಾನು ಇನ್ನೂ..." ಮುಂದಿನ ಮಾತು ಬರಲಿಲ್ಲ. ಒಳಗೆಲ್ಲೋ ಹುಲ್ಲು ಕತ್ತರಿಸುವ ಯಂತ್ರವನ್ನು ಚಾಲೂ ಮಾಡಲು ಹಗ್ಗ ಎಳೆದಂಥ ಸದ್ದಾಯಿತು. ಒಮ್ಮೆ ಎಳೆದು ನಿಂತಿತು. ಮತ್ತೆ ಎಳೆಯಿತು, ಮತ್ತೆ ನಿಂತಿತು. ವಿಲ್ಮಾ ನೀರು ತರಲು ಎದ್ದಳು. ಪಾದ್ರಿಗಳು ಬೆನ್ನು ತಟ್ಟಲು ಕೈ ಎತ್ತಿ, ಧೈರ್ಯ ಸಾಲದೆ ಇಳಿಸಿದರು.

ಮೂರನೆಯ ಎಳೆತಕ್ಕೆ ಯಂತ್ರ ಹತ್ತಿಕೊಂಡಿತು. ಅಧ್ಯಕ್ಷೆ ಈನಿಡ್ ಕ್ರಾಫ್ಟ್ ತಲೆ ಹಿಂದಕ್ಕೆ ಚೆಲ್ಲಿ, ಬಿಳಿ ಕಟ್ಟಿನ ಕೈಯಿಂದ ಮೇಜು ಬಡಿಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಚಹಾದ ಬಟ್ಟಲುಗಳು ತಟ್ಟೆಯ ಮೇಲೆ ಕುಣಿದವು. ಅವಳನ್ನು ನೋಡಿ ವಿಲ್ಮಾ ನಕ್ಕಳು, ಗ್ಲೆನಿಸ್ ಎಲ್ಲರಿಗೂ ಕಣ್ಣೊರೆಸಲು ಕಾಗದ ಹಂಚುತ್ತ ನಕ್ಕಳು, ನರೆಲ್ ಎರೆ ಡಬ್ಬಿಯನ್ನು ತಬ್ಬಿಕೊಂಡು ನೆಲಕ್ಕೆ ಕುಳಿತು ನಕ್ಕಳು. ಆದರೂ ಅಂಗಳದಾಚೆ ಕಾರಿನಲ್ಲಿ ಮಲಗಿದ್ದ ಡಾರ್ಸಿಯನ್ನು ಎಬ್ಬಿಸಿದ್ದು ಈನಿಡ್‌ಳ ನಗುವೇ. ಅದು ಎಲ್ಲರದಕ್ಕಿಂತ ಜೋರಾಗಿತ್ತು.